ಕೆಂಪು ಇಳಿಯುವ ತನಕ

ನನ್ನ ತಮ್ಮ ಭುಜಂಗನಿಗೆ ಕೂರುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ, ಹಾಗಾಗಿ ನಾನು ಕೂತೆ. ಇದನ್ನು ತ್ಯಾಗ ಗೀಗ ಎಂದು ಯಾರೂ ದೊಡ್ಡದು ಮಾಡಬೇಕಾಗಿಲ್ಲ. "ಅವನಿಂದ ಆಗುವುದಿಲ್ಲ, ಬಿಡು ವಾರಿಜಾ" ಎಂದು ಮೀನು ಪೇಟೆಯಲ್ಲಿ ಸಿಕ್ಕವರೆಲ್ಲ ಹೇಳಿದರು. ಆಗುವುದಿಲ್ಲ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹುಟ್ಟುಗುಣ. ಅಮ್ಮ ಬದುಕಿದ್ದರೆ ಸಾಕ್ಷಿ ಹೇಳುತ್ತಿದ್ದಳು.

ನಮ್ಮ ಊರಿನಲ್ಲಿ ಚಟ ಇದ್ದವರನ್ನು ಮುಖ ನೋಡಿ ಗುರುತಿಸಬೇಕಾಗಿಲ್ಲ, ಅಂಗೈ ನೋಡಿದರೆ ಸಾಕು. ಬೇಕು ಎನ್ನಿಸಿದ ಕೂಡಲೇ ಹೆಬ್ಬೆರಳಿನ ಬುಡದಲ್ಲಿ, ಚರ್ಮದ ಒಳಗೆ, ಮರದ ಚೂರು ಚುಚ್ಚಿದ ಹಾಗೆ ಒಂದು ಸಿಬಿರು ಏಳುತ್ತದೆ. ಚಹಾದ್ದು ಕೂದಲಿನಷ್ಟು ತೆಳು. ಹೊಗೆಸೊಪ್ಪಿನದು ಗಿಡ್ಡ, ಸಾರಾಯಿಯದು ಬೆಂಕಿಕಡ್ಡಿಯಷ್ಟು ದಪ್ಪ. ಬೇಕಾದದ್ದು ಬಾಯಿಗೆ ಬಿದ್ದರೆ ಕರಗಿ ಹೋಗುತ್ತದೆ, ಮರುದಿನ ಹೊತ್ತಿಗೆ ಸರಿಯಾಗಿ ಮತ್ತೆ ಬರುತ್ತದೆ. ಹೋಟೆಲಿನವರು ಗಿರಾಕಿಯ ಕೈ ನೋಡಿಯೇ ಲೋಟಕ್ಕೆ ಚಹಾ ಬಗ್ಗಿಸುತ್ತಾರೆ. ಹೆಣ್ಣು ನೋಡಲು ಬಂದ ಗಂಡಿನ ಕೈಗೆ ಹುಡುಗಿಯ ಸೋದರಮಾವ ತಾನೇ ನೀರು ಹಾಕುತ್ತಾನೆ, ನೀರು ಹಾಕುತ್ತಾ ಹೆಬ್ಬೆರಳಿನ ಬುಡವನ್ನು ನೋಡುತ್ತಾನೆ. ನಮ್ಮವರು ನಮಸ್ಕಾರ ಮಾಡುವಾಗ ಎರಡೂ ಕೈಯನ್ನು ಅಷ್ಟೊಂದು ಬಿಗಿಯಾಗಿ ಒತ್ತಿ ಹಿಡಿಯುವುದು ಭಕ್ತಿಯಿಂದ ಬಂದ ಅಭ್ಯಾಸವಲ್ಲ.

ಇನ್ನು ಮುಟ್ಟುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದರೆ ಕೆಂಪು ಇಳಿಯಲು ಶುರುವಾಗುತ್ತದೆ. ನೆತ್ತಿಯಲ್ಲಿ ಹುಟ್ಟಿ ಮೈಮೇಲೆ ಕೆಳಗೆ ಕೆಳಗೆ ಬರುತ್ತದೆ. ಚಹಾ ಬಿಟ್ಟವರಿಗೆ ಹುಬ್ಬಿನವರೆಗೆ ಬಂದು ಆರುತ್ತದೆ. ಹೊಗೆಸೊಪ್ಪು ಬಿಟ್ಟವರಿಗೆ ಗಲ್ಲ, ಹೆಚ್ಚೆಂದರೆ ಕುತ್ತಿಗೆ. ಸಾರಾಯಿ ಬಿಟ್ಟವರಿಗೆ ಮಾತ್ರ ಅದು ಎದೆ, ಹೊಟ್ಟೆ, ತೊಡೆ ಎಲ್ಲ ದಾಟಿ ಅಂಗಾಲಿನಿಂದ ಹೊರಗೆ ಹೋಗಬೇಕು. ಕೆಂಪು ಇರುವ ಕಡೆ ಉರಿ, ಅದು ಬಿಟ್ಟು ಹೋದ ಕಡೆ ನಡುಕ. ಒಬ್ಬರೇ ಇದ್ದು ಅದನ್ನು ಇಳಿಸಿಕೊಂಡವರಿಲ್ಲ. ಅದಕ್ಕೆ ಕೂರುವವರು ಬೇಕು.

ಕೂರುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಉಂಟು. ಕೂತವರು ತಮಗೆ ಪ್ರಾಣವಾದದ್ದೊಂದನ್ನು ಅಷ್ಟು ದಿನವೂ ಬಿಡಬೇಕು. ಬಾಗಿಲಿಗೆ ಚಿಲಕ ಹಾಕುವಂತಿಲ್ಲ, ಹೋಗುತ್ತೇನೆ ಎಂದವನನ್ನು ಕೈ ಹಿಡಿದು ಎಳೆಯುವಂತಿಲ್ಲ. ದಿನಾ ಸಂಜೆ ಅವನ ಅಂಗೈಯನ್ನು ಕಿಟಕಿಯಲ್ಲಿ ಬೀದಿಯವರಿಗೆ ತೋರಿಸಬೇಕು. ಮೊದಲಿನ ಸಿಬಿರಿನ ಪಕ್ಕದಲ್ಲಿ ಎರಡನೆಯದೊಂದು ಕಂಡರೆ ಕೆಂಪು ತಿರುಗಿತು ಎಂದು ಲೆಕ್ಕ. ತಿರುಗಿದ ಕೆಂಪು ಮೇಲಕ್ಕೆ ಹತ್ತುತ್ತದೆ, ಅದು ಇನ್ನು ಇಳಿಯುವುದಿಲ್ಲ, ಬಿಟ್ಟದ್ದನ್ನು ಮತ್ತೆ ಮುಟ್ಟಿದರೆ ಮಾತ್ರ ಆರುತ್ತದೆ, ಕೂತವರ ಮೈಗೂ ಹಿಡಿಯುತ್ತದೆ. ಆಗ ಕೂತವರು ಏಳಬೇಕು, ಹಿಂದೆ ನೋಡದೆ ಹೊರಗೆ ಹೋಗಬೇಕು. ನಾನು ಹುಟ್ಟುವ ಮೊದಲಿನಿಂದಲೂ ಹೀಗೆಯೇ.

ಭುಜಂಗನಿಗೆ ಮೊದಲು ಅವನ ಜೊತೆ ದೋಣಿ ಕಟ್ಟುವ ಗೆಳೆಯ ಕೂತಿದ್ದ, ಆಮೇಲೆ ನಮ್ಮ ಚಿಕ್ಕಮ್ಮನ ಮಗಳು. ಇಬ್ಬರೂ ಎರಡನೆಯ ಸಿಬಿರು ನೋಡಿ ಎದ್ದರು. ಎದ್ದವರ ಬೆನ್ನು ಬಾಗಿಲು ದಾಟುವ ಮೊದಲೇ ಇವನು ಸಾರಾಯಿ ಗಡಂಗಿನ ಕಡೆ ಹೊರಟಿದ್ದ. ಈ ಸಲ ಅವನೇ ನನ್ನ ಮನೆಗೆ ಬಂದ. ಬಡಗಿಯ ಕೈ ಅದು, ಕಣ್ಣು ಮುಚ್ಚಿ ಹಲಗೆ ಜೋಡಿಸುತ್ತಿದ್ದ ಕೈ, ನೀರಿನ ಲೋಟ ಬಾಯಿಗೆ ತರುವಷ್ಟರಲ್ಲಿ ಅರ್ಧ ಚೆಲ್ಲಿತು.

"ಅಕ್ಕಾ, ಈ ಸಲ ಆಗದಿದ್ರೆ ನಾನು ಉಳಿಯುದಿಲ್ಲ," ಎಂದ.

"ಸಾಯ್ತೇನೆ ಅಂತ ಹೆದರಿಸ್ಬೇಡ ನನ್ನನ್ನು."

"ಹೆದರಿಸುದಲ್ಲ ಅಕ್ಕ. ನಂಗೆ ಗೊತ್ತಾಗ್ತಾ ಉಂಟು."

ನನಗೂ ಗೊತ್ತಾಗುತ್ತಿತ್ತು. ಅವನ ಕಣ್ಣಿನ ಬಿಳಿಯೆಲ್ಲ ಹಳದಿಗೆ ತಿರುಗಿತ್ತು. ಆದರೂ ಬಾಯಿಂದ ಬಂದದ್ದು ಬೈಗುಳವೇ. ಚಾಪೆ ಹಾಸಿ, "ಬಿದ್ಕೊ ಇಲ್ಲಿ" ಎಂದೆ. ಆಮೇಲೆ ನನ್ನ ಕವಳದ ಪೆಟ್ಟಿಗೆ ತಂದೆ. ಎಲೆ, ಅಡಿಕೆ, ಸುಣ್ಣ ಬಿಟ್ಟರೂ ನಡೆದೀತು, ಆದರೆ ಹೊಗೆಸೊಪ್ಪಿನ ಚೂರು ದವಡೆಯಲ್ಲಿ ಇಲ್ಲದೆ ನಾನು ಬೆಳಿಗ್ಗೆ ಒಲೆ ಹಚ್ಚಿದವಳಲ್ಲ. ಪೆಟ್ಟಿಗೆಯನ್ನು ಎದುರು ಮನೆಯ ನೊಯ್‌ಗೆ ಕೊಟ್ಟು, "ನಾನು ಕಾಲಿಗೆ ಬಿದ್ದು ಕೇಳಿದ್ರೂ ಕೊಡ್ಬೇಡ" ಎಂದೆ.

ನೊಯ್ ಥಾಯ್ ದೇಶದವಳು. ಹಡಗಿನ ಅಡುಗೆಯವಳಾಗಿ ಬಂದು, ಹಡಗು ಹೋದ ಮೇಲೂ ಇಲ್ಲೇ ಉಳಿದು, ನಮ್ಮ ಬೀದಿಯಲ್ಲಿ ಸಣ್ಣ ಊಟದ ಅಂಗಡಿ ಇಟ್ಟುಕೊಂಡಿದ್ದಾಳೆ. ನಮ್ಮ ಮಾತನ್ನು ನಮಗಿಂತ ಚುರುಕಾಗಿ ಆಡುತ್ತಾಳೆ. ಪೆಟ್ಟಿಗೆ ತೆಗೆದುಕೊಂಡು, "ನೀನು ಕಾಲಿಗೆ ಬೀಳುದಿಲ್ಲ ವಾರಿಜಕ್ಕ, ಕುತ್ತಿಗೆ ಹಿಡೀತೀ. ನಾನು ಅಂಗಡಿಗೆ ಬೀಗ ಹಾಕ್ತೇನೆ," ಎಂದಳು.

ಮೊದಲ ದಿನಗಳು ಹೇಗೋ ಹೋದವು. ಭುಜಂಗನ ಹಣೆ ಕೆಂಪಾಯಿತು, ಮೂಗು ಕೆಂಪಾಯಿತು, ಅವನೇ ಕನ್ನಡಿ ತರಿಸಿ ನೋಡಿಕೊಂಡು ನಕ್ಕ. ಎದೆಗೆ ಇಳಿದಾಗ ನಗು ನಿಂತಿತು. ಬೆವರಿನಲ್ಲಿ ಚಾಪೆ ಒದ್ದೆ, ಕುಡಿದ ಗಂಜಿಯೆಲ್ಲ ವಾಂತಿ. ಸತ್ತ ಅಪ್ಪ ಮೂಲೆಯಲ್ಲಿ ಕೂತು ಉಳಿ ಮಸೆಯುತ್ತಿದ್ದಾರೆ ಎಂದು ನನಗೆ ಬೆರಳು ಮಾಡಿ ತೋರಿಸಿದ. ಬೇಡಿದ, ಅತ್ತ, ಆಮೇಲೆ ಬಾಯಿಗೆ ಬಂದಂತೆ ಬೈಯಲು ಶುರು ಮಾಡಿದ. ಗಂಡ ಬಿಟ್ಟವಳು ಎಂದ, ಮಕ್ಕಳಿಲ್ಲದವಳಿಗೆ ಇದೊಂದು ಆಟ ಎಂದ. ನಾನೂ ಸುಮ್ಮನಿರುವ ಜಾತಿಯಲ್ಲ, ಹೊಗೆಸೊಪ್ಪಿಲ್ಲದ ತಲೆ ಬೇರೆ ಸಿಡಿಯುತ್ತಿತ್ತು, ಎರಡು ಪಟ್ಟು ತಿರುಗಿಸಿ ಕೊಟ್ಟೆ. ಬೀದಿಯ ಜನಕ್ಕೆ ಒಳ್ಳೆ ಮನರಂಜನೆ.

ಒಂದು ಮಧ್ಯಾಹ್ನ ಅವನು ಎದ್ದು ಬಾಗಿಲಿನವರೆಗೆ ಹೋದ. ಗೋಡೆ ಹಿಡಿದು ಹಿಡಿದು ಹೋದ. ನಾನು ಕೂತಲ್ಲಿಂದ ಅಲುಗಾಡಲಿಲ್ಲ, ಅಲುಗಾಡುವಂತಿರಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದೆ.

"ಹೋಗ್ತೇನೆ," ಎಂದ.

"ಹೋಗು. ಬಾಗಿಲು ತೆರೆದೇ ಉಂಟು."

"ನೀನು ತಡೀಲಿಕ್ಕಿಲ್ವಾ?"

"ನಾನ್ಯಾಕೆ ತಡೀಲಿ? ನಂಗೂ ಬಾಯಿ ಒಣಗಿ ಹೋಗಿದೆ. ನೀನು ಆ ಕಡೆ ಹೋದ್ರೆ ನಾನು ಈ ಕಡೆ ನೊಯ್ ಅಂಗಡಿಗೆ ಹೋಗಿ ಬೀಗ ಒಡೀತೇನೆ. ಬೇಗ ಹೋಗು ಮಾರಾಯ, ಪುಣ್ಯ ಬರ್ತದೆ ನಿಂಗೆ."

ಅವನು ಹೊಸ್ತಿಲ ಮೇಲೆ ತುಂಬಾ ಹೊತ್ತು ನಿಂತ. ಆಮೇಲೆ ವಾಪಸ್ಸು ಬಂದು ಚಾಪೆಯ ಮೇಲೆ ಮಗುಚಿ ಬಿದ್ದ. ನನ್ನ ಕಣ್ಣಲ್ಲಿ ನೀರು ಬಂತು, ಅವನು ಆ ಕಡೆ ಮುಖ ಮಾಡಿದ್ದರಿಂದ ಮರ್ಯಾದೆ ಉಳಿಯಿತು.

ನೊಯ್ ದಿನಾ ಕಾಳುಮೆಣಸು ಹಾಕಿದ ಗಂಜಿ ತರುತ್ತಿದ್ದಳು. ಕೂತವರ ಮನೆಯೊಳಗೆ ಬೇರೆಯವರು ಬರಬಾರದು ಎಂದಿರುವುದರಿಂದ ಹೊಸ್ತಿಲಿನ ಹೊರಗೆ ಕುಕ್ಕರಗಾಲಲ್ಲಿ ಕೂತು ಮಾತಾಡುತ್ತಿದ್ದಳು. ನನ್ನ ಅಂಗೈಯ ಗಿಡ್ಡ ಸಿಬಿರನ್ನು ನೋಡಿ ಒಂದು ದಿನ, "ಸೀಯನ್," ಎಂದಳು.

"ಎಂತದು?"

"ನಮ್ಮ ಕಡೆ ಸಿಬಿರಿಗೆ ಸೀಯನ್ ಅಂತಾರೆ. ಚಟದವ್ನಿಗೆ ಬೇಕು ಬೇಕು ಅನ್ಸುದಕ್ಕೂ ಅದೇ. 'ನಂಗೆ ಸೀಯನ್ ಆಗಿದೆ' ಅಂತಾರೆ. ಆದ್ರೆ ಬರೀ ಬಾಯಲ್ಲಿ. ಕೈಯಲ್ಲಿ ಎಂತ ಇರುದಿಲ್ಲ. ಬಿಟ್ಟ ಮೇಲೆ ಒದ್ದಾಡ್ತಾರಲ್ಲ, ಅದಕ್ಕೆ ಲೊಂಗ್ ದೇಂಗ್. ಕೆಂಪು ಇಳಿಯುದು ಅಂತ."

"ಅಲ್ಲಿಯೂ ಇಳೀತದಾ?"

"ಮೈಮೇಲೆ ಇಲ್ಲ. ಮಾತಲ್ಲಿ ಮಾತ್ರ. ಈಗಿನ ಹುಡುಗ್ರು ಕಾಫಿ ಸಿಗದಿದ್ರೂ ಲೊಂಗ್ ದೇಂಗ್ ಅಂತಾರೆ, ಫೋನ್ ಹಾಳಾದ್ರೂ ಲೊಂಗ್ ದೇಂಗ್ ಅಂತಾರೆ, ನಗಾಡ್ತಾರೆ. ನನ್ನ ಅಮ್ಮನ ಎದುರು ಯಾರೂ ನಗಾಡ್ಲಿಕ್ಕಿರ್ಲಿಲ್ಲ. ನನ್ನಪ್ಪ ಅಫೀಮು ತಿಂತಿದ್ದ. ಅವನಿಗೆ ಬಂದಾಗ ಆ ಮಾತನ್ನು ನಮ್ಮನೇಲಿ ಪಿಸುಗುಟ್ತಾ ಹೇಳ್ತಿದ್ರು."

ನಮ್ಮ ಊರಿಗೆ ಬಂದ ಹೊಸದರಲ್ಲಿ, ಅಂಗಾಲಿನಿಂದ ಕೆಂಪು ಸೋರಿಸುತ್ತಾ ಹೊಳೆಯ ಕಡೆ ನಡೆಯುತ್ತಿದ್ದ ಮನುಷ್ಯನೊಬ್ಬನನ್ನು ಅವಳು ಪೇಟೆಯಲ್ಲಿ ನೋಡಿದಳಂತೆ. ಕೈಯಲ್ಲಿದ್ದ ತರಕಾರಿ ಚೀಲ ಬಿಟ್ಟು ರಸ್ತೆಯ ಮೇಲೆಯೇ ಕೂತುಬಿಟ್ಟಳಂತೆ. ಅವಳ ಅಮ್ಮ ಪಿಸುಗುಟ್ಟುತ್ತಿದ್ದ ಮಾತು ಎದುರಿಗೆ ಕಾಲು ಹಾಕಿಕೊಂಡು ಬರುತ್ತಿತ್ತಲ್ಲ, ನಾನಾದರೂ ಕೂರುತ್ತಿದ್ದೆ.

ಸಂಜೆ ಕೈ ತೋರಿಸುವ ಹೊತ್ತಿಗೆ ಕಿಟಕಿಯ ಹೊರಗೆ ಜನ ಸೇರುತ್ತಿದ್ದರು. ಎಲ್ಲರ ಮುಂದೆ ಮಾಬ್ಲಣ್ಣ. ದೋಣಿ ಕಟ್ಟುವ ಅಂಗಳದ ಯಜಮಾನ, ಭುಜಂಗನಿಗೆ ಕೆಲಸ ಕಲಿಸಿದವರು. ಅಂಗೈ ನೋಡಿ ಅವರು ಏನು ಹೇಳುತ್ತಾರೋ ಅದೇ ಊರಿನ ತೀರ್ಮಾನ. ಆ ಮರ್ಯಾದೆ ಅವರಿಗೆ ಸುಮ್ಮನೆ ಬಂದದ್ದಲ್ಲ. ಮಗ ಪುರಂದರನಿಗೆ ಅವರೇ ಕೂತಿದ್ದರು, ಎರಡನೆಯ ಸಿಬಿರು ಕಂಡ ಗಳಿಗೆಯಲ್ಲಿ ಎದ್ದರು. ಒಬ್ಬನೇ ಮಗ, ಅವನು ಅಪ್ಪಾ ಅಪ್ಪಾ ಎಂದು ಕೂಗುತ್ತಿದ್ದಂತೆಯೇ ಎದ್ದು ಬಂದರು, ಹಿಂದೆ ನೋಡಲಿಲ್ಲ. ಕ್ರಮ ಎಂದರೆ ಕ್ರಮ ಎಂದು ಊರು ಅವರನ್ನು ಕೊಂಡಾಡಿತು. ಪುರಂದರ ಈಗ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮಗುಚಿ ಹಾಕಿದ ಹಳೆ ದೋಣಿಯ ಅಡಿಯಲ್ಲಿ ಇರುತ್ತಾನೆ. ಅವನ ಅಂಗೈಯಲ್ಲಿ ಜಾಗ ಉಳಿದಿಲ್ಲ, ಸಿಬಿರುಗಳು ಮೊಣಕೈವರೆಗೆ ಹತ್ತಿವೆ. ಮಾಬ್ಲಣ್ಣ ದಕ್ಕೆಗೆ ಹೋಗಬೇಕಾದರೆ ಸುತ್ತು ದಾರಿ ಹಿಡಿದು ಹೋಗುತ್ತಾರೆ.

ಕೆಂಪು ಮೊಣಕಾಲು ದಾಟಿ ಕಾಲಿನ ಹರಡಿಗೆ ಬಂದಾಗ ಭುಜಂಗನಿಗೆ ಹಸಿವೆ ಶುರುವಾಯಿತು. ಸಿಬಿರು ಸಣಕಲಾಗಿ ಗೆರೆಯಷ್ಟೇ ಉಳಿದಿತ್ತು. ಕೈ ಖಾಲಿ ಕೂತರೆ ಹುಚ್ಚು ಹಿಡಿಯುತ್ತದೆ, ಏನಾದರೂ ಕೊಡು ಎಂದ. ನಾನು ದೋಣಿ ಕಟ್ಟುವ ಅಂಗಳದಿಂದ ಅರ್ಧ ಕೆತ್ತಿದ ಹುಟ್ಟೊಂದನ್ನು ತರಿಸಿ ಕೊಟ್ಟೆ. ಎಷ್ಟು ದಿನದ ಮೇಲೆ ಕೀಸುಳಿಯ ಸದ್ದು ನಮ್ಮ ಮನೆಯಲ್ಲಿ! ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಅವನ ಮಡಿಲಿಗೆ ಬೀಳುತ್ತಿತ್ತು. ನಾನು ಹತ್ತಿರ ಕೂತು ನೋಡುತ್ತಾ ಹೊಗೆಸೊಪ್ಪನ್ನು ಅರ್ಧ ದಿನ ಮರೆತಿದ್ದೆ.

ಅದೇ ಸಂಜೆ ಕಿಟಕಿಯಲ್ಲಿ ಅವನ ಅಂಗೈ ಚಾಚಿದಾಗ ಹೊರಗಿನವರು ಒಂದು ಹೆಜ್ಜೆ ಹಿಂದೆ ಸರಿದರು. ಹಳೆಯ ಗೆರೆಯ ಪಕ್ಕದಲ್ಲಿ ದಪ್ಪಗೆ ಇನ್ನೊಂದು.

ಮಾಬ್ಲಣ್ಣ ಬಗ್ಗಿ ನೋಡಿದರು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. "ಎರಡಾಯ್ತು. ವಾರಿಜಾ, ಏಳು."

"ಅದು ಮರದ್ದು ಮಾಬ್ಲಣ್ಣ. ಇಡೀ ದಿನ ಕೀಸಿದ್ದಾನೆ."

"ಮರದ್ದೋ ಒಳಗಿಂದೋ ಯಾರು ಹೇಳ್ಬೇಕು? ಚರ್ಮದ ಒಳಗೆ ಹೋದ ಮೇಲೆ ಎರಡೂ ಒಂದೇ ಕಾಣ್ತದೆ. ಅದಕ್ಕೇ ಕೆಂಪು ಇಳಿಯುವವ್ರ ಕೈಗೆ ಮರ ಕೊಡ್ಬಾರ್ದು. ನಿಂಗೆ ಯಾರು ಹೇಳಿದ್ದು ಕೊಡ್ಲಿಕ್ಕೆ?"

"ಯಾರೂ ಹೇಳ್ಲಿಲ್ಲ. ಕೊಟ್ಟೆ."

ನಾನು ಭುಜಂಗನ ಕಡೆ ತಿರುಗಿದೆ. "ನೀನು ಹೇಳು. ಮರದ್ದು ಹೌದಾ ಅಲ್ವಾ?"

ಅವನು ಸುಳ್ಳು ಹೇಳಬಹುದಿತ್ತು. ಹಿಂದೆ ಎಷ್ಟು ಸುಳ್ಳು ಹೇಳಿಲ್ಲ! ಅಂಗೈಯನ್ನೇ ನೋಡುತ್ತಾ, "ಗೊತ್ತಿಲ್ಲ ಅಕ್ಕ," ಎಂದ. "ಹುಟ್ಟು ಕೀಸುವಾಗ ಒಮ್ಮೆ ಚುಚ್ಚಿದ ಹಾಗಾಯ್ತು. ಆದ್ರೆ ಆಗ್ಲೇ ಗಡಂಗಿನ ನೆನಪೂ ಬಂತು. ಯಾವುದು ಅಂತ ನಂಗೇ ಗೊತ್ತಿಲ್ಲ."

ಸಿಬಿರಿಗೆ ಸೂಜಿ ಹಾಕುವುದು ನಮ್ಮಲ್ಲಿ ಇಲ್ಲ. ಮರದ್ದಾದರೆ ಬಂದುಬಿಡುತ್ತದೆ, ಅಲ್ಲಿಗೆ ಮುಗಿಯಿತು. ಚಟದ್ದಾದರೆ, ತೆಗೆದ ಜಾಗದಲ್ಲಿ ಬೆಳಗಾಗುವುದರೊಳಗೆ ಎರಡು ಏಳುತ್ತವೆ. ಈ ಭಯಕ್ಕೆ ನಮ್ಮ ಬಡಗಿಗಳು ನಿಜವಾದ ಮರದ ಸಿಬಿರನ್ನೂ ಕೀವಾಗಿ ತಾನಾಗಿ ಬರುವ ತನಕ ಕೈಯಲ್ಲಿಟ್ಟುಕೊಂಡು ಓಡಾಡುತ್ತಾರೆ. ಆದರೆ ಸೂಜಿ ಹಾಕದಿದ್ದರೆ ನಾನು ಆ ಗಳಿಗೆಯಲ್ಲೇ ಏಳಬೇಕು. ಹಾಕಿದರೆ ಬೆಳಗಿನವರೆಗೆ ಸಮಯ ಸಿಗುತ್ತದೆ.

"ಸೂಜಿ ಕೊಡು ನೊಯ್," ಎಂದೆ. ಕಿಟಕಿಯ ಹೊರಗೆ ಹೆಂಗಸರೆಲ್ಲ ಅಯ್ಯೋ ಎಂದರು.

ಭುಜಂಗ ಕೈ ಚಾಚಿದ. ನಾನು ತೆಗೆದೆ. ಬಂತು, ಜೊತೆಗೆ ಒಂದು ತೊಟ್ಟು ರಕ್ತ. ಬೆಳಕಿಗೆ ಹಿಡಿದು ನೋಡಿದೆ, ಮೂಸಿ ನೋಡಿದೆ. ಮರದ ಹಾಗೂ ಇತ್ತು, ಅಲ್ಲದ ಹಾಗೂ ಇತ್ತು. ಮಾಬ್ಲಣ್ಣ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡು ಹೋದರು, ಉಳಿದವರೂ ಅವರ ಹಿಂದೆ ಹೋದರು.

ಬೆಳಗ್ಗೆ ನೋಡಿದಾಗ ಎರಡು ಎದ್ದಿದ್ದವು. ಬೆಂಕಿಕಡ್ಡಿಯಷ್ಟು ದಪ್ಪ, ಅಕ್ಕಪಕ್ಕದಲ್ಲಿ. ಹರಡಿನಲ್ಲಿದ್ದ ಕೆಂಪು ಮೊಣಕಾಲಿಗೆ ಹತ್ತಿತ್ತು.

ಸೂಜಿ ಹಾಕಿದ್ದು ತಪ್ಪು ಎಂದು ಊರೆಲ್ಲ ಹೇಳಿತು. ಹೇಳಲಿ. ನನಗೆ ಆ ಹೊತ್ತಿನಲ್ಲಿ ಅನ್ನಿಸಿದ್ದು ತಪ್ಪು ಸರಿ ಯಾವುದೂ ಅಲ್ಲ. ಭುಜಂಗ ಚಾಪೆಯಿಂದ ಎದ್ದು, ಪಾಪ, ನನ್ನ ಸೀರೆಗಳನ್ನು ಗಂಟು ಕಟ್ಟಿ ನನ್ನ ಕೈಗೆ ಕೊಡಲು ಬಂದಿದ್ದ. ಹಿಂದೆ ಇಬ್ಬರಿಗೂ ಹೀಗೆಯೇ ಕೊಟ್ಟಿದ್ದನೋ ಏನೋ.

"ಏಳು ಅಕ್ಕ. ನೀನು ಮಾಡುದನ್ನು ಮಾಡಿದ್ದೀ. ಇನ್ನು ನಿಂಗೂ ಹಿಡೀತದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಗಂಟನ್ನು ಕಿತ್ತುಕೊಂಡು ಮೂಲೆಗೆ ಎಸೆದೆ. ಆ ಹೊತ್ತಿಗೆ ನೊಯ್ ಗಂಜಿ ತಂದಿದ್ದಳು. ವಿಷಯ ಅವಳಿಗೆ ಮೊದಲೇ ಮುಟ್ಟಿತ್ತು, ನಮ್ಮ ಬೀದಿಯಲ್ಲಿ ಗುಟ್ಟು ನಿಲ್ಲುವುದಿಲ್ಲ.

"ನೊಯ್, ಕೆಂಪು ಇಳಿಯುದಕ್ಕೆ ನಿಮ್ಮಲ್ಲಿ ಮಾತು ಉಂಟಲ್ಲ, ಹತ್ತುದಕ್ಕೆ ಎಂತ ಹೇಳ್ತಾರೆ?"

ಅವಳು ಯೋಚಿಸಿದಳು. "ನಾನು ಕೇಳಿಲ್ಲ. ಇಳಿಯುದಕ್ಕೆ ಮಾತ್ರ ಉಂಟು."

"ನಿನ್ನಪ್ಪ ಮತ್ತೆ ತಿನ್ಲಿಲ್ವಾ?"

"ತಿಂದ. ಬಿಟ್ಟ. ಮತ್ತೆ ತಿಂದ. ಮತ್ತೆ ಬಿಟ್ಟ."

"ಎಷ್ಟು ಸಲ?"

"ಲೆಕ್ಕ ಇಟ್ಟವ್ರು ಯಾರು ವಾರಿಜಕ್ಕ? ಕೊನೆಗೆ ಬಿಟ್ಟ. ನಾನು ದೊಡ್ಡವಳಾಗುವಾಗ ಬೆಳಿಗ್ಗೆ ಎದ್ದು ಹೂವಿನ ಗಿಡಕ್ಕೆ ನೀರು ಹಾಕ್ತಿದ್ದ."

"ಅಮ್ಮ ಎದ್ದು ಹೋಗ್ಲಿಲ್ವಾ?"

"ಎಲ್ಲಿಗೆ ಹೋಗ್ಬೇಕು? ಅವಳಿಗೆ ಬೇರೆ ಮನೆ ಇರ್ಲಿಲ್ಲ."

ನಾನು ಗಂಜಿಯ ಪಾತ್ರೆ ತೆಗೆದುಕೊಂಡು ಒಳಗಿಟ್ಟೆ. ನಮ್ಮ ಊರಿನಲ್ಲಿ ತಿರುಗಿದ ಕೆಂಪು ಮತ್ತೆ ಇಳಿದದ್ದನ್ನು ಕಂಡವರಿಲ್ಲ, ಅದು ಸತ್ಯ. ಆದರೆ ಎರಡನೆಯ ಸಿಬಿರು ಕಂಡ ಮೇಲೆ ಕೂತಿದ್ದವರನ್ನೂ ಯಾರೂ ಕಂಡಿಲ್ಲ. ಎಲ್ಲರೂ ಎದ್ದಿದ್ದರು. ಎದ್ದು, ಹಿಂದೆ ನೋಡದೆ ಹೋಗಿ, ಅದು ಇಳಿಯುವುದಿಲ್ಲ ಎಂದು ಊರಿಗೆಲ್ಲ ಹೇಳಿದ್ದರು. ನೋಡಿದವರು ಯಾರು ಹಾಗಾದರೆ? ಈ ಪ್ರಶ್ನೆ ಹೊಳೆದಾಗ ನನಗೆ ಸಂತೋಷವೇನೂ ಆಗಲಿಲ್ಲ, ಭಯವಾಯಿತು. ಆದರೂ ಹೊರಗೆ ಬಂದ ಮಾತು, "ನಾನು ಏಳುದಿಲ್ಲ."

"ಅಕ್ಕಾ, ಹಠ ಮಾಡ್ಬೇಡ," ಎಂದ ಭುಜಂಗ.

"ಹಠವೇ. ಎರಡು ಬಂದ್ರೆ ಎರಡು, ಮೂರು ಬಂದ್ರೆ ಮೂರು. ನಂಗೂ ಬೇರೆ ಮನೆ ಇಲ್ಲ. ಗಂಜಿ ಕುಡಿ."

ಆಮೇಲಿನದು ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಕೆಂಪು ತೊಡೆ ಹತ್ತಿತು, ಹೊಟ್ಟೆ ಹತ್ತಿತು, ಮತ್ತೆ ಎದೆಗೆ ಬಂತು. ಎರಡರ ಜೊತೆ ಮೂರನೆಯದೂ ಎದ್ದಿತು. ಸಂಜೆ ಕಿಟಕಿ ತೆರೆದು ಅವನ ಕೈ ಚಾಚಿದರೆ ಬೀದಿಯಲ್ಲಿ ನೊಯ್ ಒಬ್ಬಳು ಬಿಟ್ಟು ಯಾರೂ ಇಲ್ಲ, ಎದುರು ಮನೆಗಳ ಕಿಟಕಿಗಳೂ ಮುಚ್ಚಿದ್ದವು. ಹಾಲಿನವಳು ಮೂಲೆಯ ಮನೆಯಲ್ಲೇ ಹಾಲು ಬಿಟ್ಟು ಹೋಗುತ್ತಿದ್ದಳು. ಹೊಗೆಸೊಪ್ಪಿನ ಕೆಂಪು ನನ್ನ ಗಲ್ಲದಿಂದ ಕುತ್ತಿಗೆಗೆ ಇಳಿದದ್ದನ್ನು ಯಾರೋ ನೋಡಿ, ವಾರಿಜಾಗೂ ಹಿಡಿಯಿತು ಎಂದು ಸುದ್ದಿ ಹಬ್ಬಿಸಿದರು. ಬಾಗಿಲಲ್ಲಿ ನಿಂತು, ಇದು ಕವಳದ್ದು ಕಣ್ರೋ, ಕುತ್ತಿಗೆಗೆ ಬಂದದ್ದು ನಿಮ್ಮ ಮುಖ ನೋಡಿ ಎಂದು ಕೂಗಿದೆ. ಕೂಗಿದ್ದಕ್ಕೆ ಒಂದಿಷ್ಟು ಹಗುರಾಯಿತು.

ಒಂದು ಬೆಳಿಗ್ಗೆ ಭುಜಂಗ ಮಾತು ನಿಲ್ಲಿಸಿದ. ಕಣ್ಣು ತೆರೆದೇ ಇತ್ತು, ಕರೆದರೆ ಓಗೊಡಲಿಲ್ಲ. ಉಸಿರು ಎಳೆದು ಎಳೆದು ಬರುತ್ತಿತ್ತು. ನೊಯ್ ಹೋಗಿ ವೈದ್ಯರನ್ನು ಕರೆತಂದಳು, ಅವರು ಹೊಸ್ತಿಲಿನ ಹೊರಗೆ ನಿಂತೇ ಔಷಧ ಕೊಟ್ಟು, "ಇವತ್ತು ದಾಟಿದ್ರೆ ದಾಟಿದ," ಎಂದರು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಏಳಬೇಕಿತ್ತೇನೋ, ನಾನು ಕೂತದ್ದಕ್ಕೇ ಇವನು ಸಾಯುತ್ತಿದ್ದಾನೇನೋ ಎಂದು ಯೋಚಿಸಿದೆ. ಯೋಚಿಸಿದೆ, ಆದರೆ ಏಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಅವನ ಎದೆ ಒರೆಸಿದೆ, ಔಷಧ ಕುಡಿಸಿದೆ, ಒರೆಸುತ್ತಲೇ ಇದ್ದೆ. ದೇವರಿಗೂ ಬೈದೆ, ಹರಕೆಯನ್ನೂ ಹೊತ್ತೆ.

ಮಧ್ಯಾಹ್ನ ಬಟ್ಟೆ ಹಿಂಡಿ ಮತ್ತೆ ಒರೆಸಲು ಹೋದಾಗ ಕತ್ತಿನ ಬುಡದಲ್ಲಿ ಕಂದು ಚರ್ಮ ಕಂಡಿತು. ಬೆಳಿಗ್ಗೆ ಅಲ್ಲಿ ಕೆಂಪಿತ್ತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬೆರಳಿಟ್ಟು ಗುರುತು ಮಾಡಿಕೊಂಡು ಕೂತೆ. ಸಂಜೆಯ ಹೊತ್ತಿಗೆ ಕೆಂಪು ನನ್ನ ಬೆರಳಿಗಿಂತ ಕೆಳಗಿತ್ತು. ಅದು ಇಳಿಯುತ್ತಿತ್ತು.

"ಭುಜಂಗಾ," ಎಂದೆ. "ಇಳೀತಾ ಉಂಟು ಮಾರಾಯ. ಮತ್ತೆ ಇಳೀತಾ ಉಂಟು."

ಅವನ ತುಟಿ ಅಲುಗಿತು. "ನೀರು," ಎಂದ.

ಎರಡನೆಯ ಸಲ ಇಳಿದದ್ದು ಮೊದಲಿಗಿಂತ ನಿಧಾನ. ನಡುವೆ ಒಮ್ಮೆ ಸೊಂಟದಿಂದ ಮತ್ತೆ ಹೊಟ್ಟೆಗೆ ಹತ್ತಿತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಅದು ಮತ್ತೆ ಇಳಿಯಿತು. ಸಿಬಿರುಗಳು ಒಂದೊಂದಾಗಿ ಒಣಗಿ ಚಾಪೆಯ ಮೇಲೆ ಉದುರಿದವು, ಗುಡಿಸಿ ಒಲೆಗೆ ಹಾಕಿದೆ. ಒಂದು ಬೆಳಿಗ್ಗೆ ಅವನು ನಿಂತಾಗ ಅಂಗಾಲಿನಡಿ ನೆಲ ಕೆಂಪಾಯಿತು.

ನಮ್ಮ ಕ್ರಮದಂತೆ ಅವನು ಮನೆಯಿಂದ ಹೊಳೆಯವರೆಗೆ ಬರಿಗಾಲಲ್ಲಿ ನಡೆದ, ನಾನು ಹಿಂದೆ. ಹೆಜ್ಜೆ ಹೆಜ್ಜೆಗೂ ಕೆಂಪು ಗುರುತು, ಬರಬರುತ್ತಾ ತೆಳ್ಳಗೆ. ಮುಚ್ಚಿದ್ದ ಕಿಟಕಿಗಳು ಒಂದೊಂದಾಗಿ ತೆರೆದವು. ಯಾರೂ ಜೈಕಾರ ಹಾಕಲಿಲ್ಲ, ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಎರಡು ಸಿಬಿರು ಎದ್ದ ಕೈ ಅದು ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ನೊಯ್ ಒಬ್ಬಳು ಅಂಗಡಿಯ ಮುಂದೆ ಸೌಟು ಹಿಡಿದುಕೊಂಡೇ ಅಳುತ್ತಿದ್ದಳು. ನಾನೂ ಅತ್ತೆ, ಈ ಸಲ ಮುಚ್ಚಿಡಲಿಲ್ಲ.

ಹೊಳೆಯ ನೀರಿನಲ್ಲಿ ಭುಜಂಗನ ಪಾದ ತೊಳೆದು ಬಂದಾಗ ದಾರಿಯ ಮಧ್ಯೆ ಮಾಬ್ಲಣ್ಣ ನಿಂತಿದ್ದರು. ಕೆಂಪು ಹೆಜ್ಜೆಗಳನ್ನು ನೋಡುತ್ತಿದ್ದರು. ಸೋತವರ ಮುಖವಾಗಿರಲಿಲ್ಲ ಅದು, ಏನೋ ಕೇಳಲು ಹೆದರುವವರ ಮುಖ.

ಅವರಿಗೆ ನಾಲ್ಕು ಮಾತು ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ಅಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಆ ಮುಖ ನೋಡಿ ಅವನ್ನು ನುಂಗಿಕೊಂಡೆ.

"ವಾರಿಜಾ," ಎಂದರು. "ಎರಡು ಬಂದ ಮೇಲೆ ನೀನು ಎಂತ ಮಾಡಿದ್ದು?"

"ಎಂತ ಮಾಡ್ಲಿಲ್ಲ ಮಾಬ್ಲಣ್ಣ. ಕೂತೆ."

"ಮಂತ್ರ, ಔಷಧ?"

"ಔಷಧ ಒಂದು ದಿನ ವೈದ್ಯರು ಕೊಟ್ರು. ಬಾಕಿ ದಿನ ಗಂಜಿ. ಏಳ್ಲಿಲ್ಲ, ಅಷ್ಟೆ."

"ಅಷ್ಟೆಯಾ?"

"ಅಷ್ಟೆ."

ಅವರು ಬಗ್ಗಿ ಒಂದು ಕೆಂಪು ಹೆಜ್ಜೆಯನ್ನು ಬೆರಳಲ್ಲಿ ಮುಟ್ಟಿದರು. "ಪುರಂದರ ಕರೀತಾ ಇದ್ದ," ಎಂದರು. ನನಗಲ್ಲ, ಯಾರಿಗೂ ಅಲ್ಲ. "ಬಾಗಿಲು ದಾಟುವ ತನಕ ಕರೀತಾ ಇದ್ದ."

ಭುಜಂಗ ಅವರ ತೋಳು ಹಿಡಿಯಲು ಹೋದ. ಅವರು ಬೇಡವೆಂದು ಕೈ ಸರಿಸಿ, ಪಂಚೆ ಎತ್ತಿ ಕಟ್ಟಿದರು. ಆಮೇಲೆ ಸುತ್ತು ದಾರಿಯ ಕಡೆ ನೋಡದೆ, ದಕ್ಕೆಗೆ ಹೋಗುವ ನೇರ ದಾರಿಯಲ್ಲಿ, ಆ ವಯಸ್ಸಿನಲ್ಲಿ, ಓಡಲು ಶುರು ಮಾಡಿದರು.